ಒಂಟಿಗಣ್ಣಿನ ಮೇಜರ್

ಫೆಬ್ರುವರಿ 3

ಪ್ರೀತಿಯ ಅಮ್ಮಾ,

ನಮಸ್ಕಾರ. ಈ ಪತ್ರ ತಂದಿರುವವನು ನಮ್ಮ ಉದ್ದಣ್ಣ. ನನ್ನ ಜೊತೆ ಕಾವಲು ಕಾಯುವವನು, ಈಗ ರಜೆಯ ಮೇಲೆ ಹೊರಟಿದ್ದಾನೆ. ನಮ್ಮ ಬಾಗಿಲಿಗೆ ಅವನ ಹಣೆ ತಾಗದ ಹಾಗೆ ನೋಡಿಕೋ, ಹೊಟ್ಟೆ ತುಂಬ ಊಟಕ್ಕೆ ಹಾಕು. ಟಪಾಲಿಗೆ ಹಾಕಿದರೆ ಕ್ಯಾಪ್ಟನ್ ಸಾಹೇಬರು ಓದಿ ಮೊಹರು ಒತ್ತಿದ ಮೇಲೆಯೇ ಪತ್ರ ಮುಂದೆ ಹೋಗುವುದು. ಕೈಯಲ್ಲಿ ಕಳಿಸುವುದು ನಿಯಮಕ್ಕೆ ವಿರುದ್ಧ, ಗೊತ್ತು. ಆದರೆ ಈ ಸುದ್ದಿ ನಿನಗೆ ಹೇಳದಿದ್ದರೆ ನಾನು ಹೊಟ್ಟೆ ಉಬ್ಬಿ ಸಾಯುತ್ತೇನೆ.

ತೋಳಿಗೆ ಬಡ್ತಿಯ ಪಟ್ಟಿ ಬಂತಮ್ಮಾ! ಯಾಕೆ ಬಂತು ಕೇಳು. ನಮ್ಮ ಎದುರು ಗುಡ್ಡದಲ್ಲೇ ಶತ್ರುಗಳ ಠಾಣೆ. ಇಲ್ಲಿ ಕಾವಲು ಬದಲಾಗುವಾಗ ಸೀಟಿ ಊದುತ್ತಾರೆ. ಸೀಟಿ ಕೇಳಿದ ಕೂಡಲೇ ಹಳಬ ಎದ್ದು ಹೊರಡುತ್ತಾನೆ, ಹೊಸಬ ಕಣ್ಣುಜ್ಜಿಕೊಂಡು ಬರುತ್ತಾನೆ, ನಡುವೆ ಒಂದು ಗಳಿಗೆ ಯಾರ ಕಣ್ಣೂ ಎದುರಿಗಿರುವುದಿಲ್ಲ. ನುಗ್ಗಲು ಅವರಿಗೆ ಅಷ್ಟು ಸಾಕು. ನಾನು ಸಾಹೇಬರಿಗೆ ಹೇಳಿದೆ, "ಸಾರ್, ಸದ್ದಿಲ್ದೆ ಮೊದಲೇ ಕಾವಲು ಬದಲಾಯ್ಸೋಣ, ಸೀಟಿ ಆಮೇಲೆ ಊದೋಣ. ಸೀಟಿ ನಂಬ್ಕೊಂಡು ಬಂದ್ರೆ ಹೊಸಬ ಬಂದೂಕು ಹಿಡ್ಕೊಂಡು ಕಾಯ್ತಿರ್ತಾನೆ." ಹೋದ ವಾರ ಅವರು ಬಂದೇ ಬಂದರು. ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸು ಓಡಿದರು. ಸಾಹೇಬರು ನನ್ನ ಬೆನ್ನು ತಟ್ಟಿದ ಸದ್ದು ಎದುರು ಗುಡ್ಡಕ್ಕೂ ಕೇಳಿಸಿರಬೇಕು. ಇದನ್ನು ಯಾರ ಹತ್ತಿರವೂ ಬಾಯಿಬಿಡಬೇಡ, ಆಯ್ತಾ?

ಇನ್ನೊಂದು ವಿಷಯ. ಇಲ್ಲಿ ಎಲ್ಲರಿಗೂ 'ಸಾವಿಲ್ಲದ ಸಿಪಾಯಿ'ಯ ಹುಚ್ಚು ಹಿಡಿದಿದೆ. ಒಂಟಿಗಣ್ಣಿನ ಮೇಜರ್ ಅನ್ನುವವರು ಬರೆಯುವ ಪುಸ್ತಕಗಳು, ಬಸ್ ನಿಲ್ದಾಣದಲ್ಲಿ ಮಾರುತ್ತಾರಲ್ಲ, ಅವು. ಬಿಳಿ ಕೈಗವಸಿನ ಕ್ಯಾಪ್ಟನ್ ಒಬ್ಬ ತನ್ನ ಸೈನಿಕರನ್ನು ಸೇತುವೆಯ ಮೇಲೆ ಬಿಟ್ಟು ಓಡಿಹೋಗುತ್ತಾನೆ. ಎಲ್ಲರೂ ಸಾಯುತ್ತಾರೆ, ಒಬ್ಬನನ್ನು ಮಾತ್ರ ಸಾವು ಮುಟ್ಟುವುದಿಲ್ಲ. ಅವನು ಸೇಡು ತೀರಿಸಿಕೊಳ್ಳಲು ಆ ಕ್ಯಾಪ್ಟನ್ನನ್ನು ಯುದ್ಧದಿಂದ ಯುದ್ಧಕ್ಕೆ ಹುಡುಕುತ್ತಾ ಹೋಗುತ್ತಾನೆ. ಇದುವರೆಗೆ ಮೂವತ್ತು ಪುಸ್ತಕ ಬಂದಿವೆ, ಇನ್ನೇನು ಸಿಕ್ಕ ಅನ್ನುವಾಗಲೆಲ್ಲ ಅವನು ತಪ್ಪಿಸಿಕೊಳ್ಳುತ್ತಾನೆ!

ಆದರೆ ಆ ಮೇಜರ್ ಯಾವ ಸೈನ್ಯದಲ್ಲಿದ್ದರೋ ಕಾಣೆ. ಸಿಪಾಯಿಯ ಬಂದೂಕಿನಲ್ಲಿ ಗುಂಡು ಮುಗಿಯುವುದೇ ಇಲ್ಲ. ತನ್ನ ಗಾಯಕ್ಕೆ ತಾನೇ ಹೊಲಿಗೆ ಹಾಕಿಕೊಳ್ಳುತ್ತಾನೆ, ಅದೂ ಕಾಜದ ಹೊಲಿಗೆ! ಗಾಯ ಏನು ಅಂಗಿಗೆ ಗುಂಡಿ ಹಾಕುವ ತೂತಾ? ನಾನೂ ಉದ್ದಣ್ಣನೂ ಬಿದ್ದು ಬಿದ್ದು ನಕ್ಕೆವು.

ನಿನ್ನ ಮಗ

—

ಫೆಬ್ರುವರಿ 17

ಚಿರಂಜೀವಿ ಮಗನಿಗೆ ಅಮ್ಮನ ಆಶೀರ್ವಾದ.

ಉದ್ದಣ್ಣ ಬಂದಿದ್ದ. ಹಣೆ ತಾಗಲಿಲ್ಲ, ನಾನೇ ಬಾಗಿಲಿಗೆ ಕೈ ಅಡ್ಡ ಹಿಡಿದಿದ್ದೆ. ಪಾಪ, ಸಾಕು ಸಾಕು ಅನ್ನುತ್ತಲೇ ಮತ್ತೆ ಮತ್ತೆ ಬಡಿಸಿಕೊಂಡ. ಉಂಡವನು ಹೊಲಿಗೆ ಯಂತ್ರದ ಪಕ್ಕದಲ್ಲೇ ಗೋಡೆಗೊರಗಿ ನಿದ್ದೆ ಹೋದ. ಅವನ ಪ್ಯಾಂಟಿನ ಕಾಲು ಗಿಡ್ಡವಾಗಿತ್ತು. ಎಬ್ಬಿಸಿ, ಬಿಚ್ಚಿಸಿಕೊಂಡು, ಅಂಚು ಇಳಿಸಿ ಕೊಟ್ಟೆ.

ಪಟ್ಟಿಯ ಸುದ್ದಿ ಓದಿ ಅಳತೆ ಟೇಪು ಕೈಯಿಂದ ಜಾರಿತು. ನನ್ನ ಮಗ! ನಿನಗೆ ಆ ಬುದ್ಧಿ ಎಲ್ಲಿಂದ ಬಂತು ಅಂತ ನನಗೆ ಗೊತ್ತು, ಆದರೆ ನನ್ನ ಬಾಯಿಂದ ನಾನೇ ಹೇಳಿಕೊಳ್ಳಬಾರದು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕೂಗಿ ಹೇಳಿಬಿಡೋಣ ಅನ್ನಿಸಿತು. ನೀನು ಬೇಡ ಅಂದೆ, ನಾಲಿಗೆ ಕಚ್ಚಿಕೊಂಡು ಕೂತಿದ್ದೇನೆ. ಇಂಥ ಬುದ್ಧಿವಂತಿಕೆ ನಾಲ್ಕು ಜನಕ್ಕೆ ತಿಳಿಯದಿದ್ದರೆ ಅದು ಬಾವಿಗೆ ಬಿದ್ದ ಬಂಗಾರ.

ಇನ್ನು ಆ ಮೇಜರ್ ವಿಷಯ. ಸಾವೇ ಇಲ್ಲದವನಿಗೆ ಗುಂಡು ಮುಗಿಯದಿದ್ದರೆ ನಿನ್ನ ಗಂಟೇನು ಹೋಯಿತು? ಕಾಜದ ಹೊಲಿಗೆ ಎಷ್ಟು ಎಳೆದರೂ ಬಿಚ್ಚುವುದಿಲ್ಲ, ತಿಳಿದುಕೋ. ಬರೆಯುವವರ ಕಷ್ಟ ಬರೆಯುವವರಿಗೇ ಗೊತ್ತು. ಓದಿ ನಗುವುದಕ್ಕೆ ಏನು, ಹಲ್ಲಿದ್ದರೆ ಸಾಕು.

ಹಾಗಂತ ನಾನೇನೂ ಅದನ್ನೆಲ್ಲ ಓದಿಲ್ಲ. ನನಗೆಲ್ಲಿ ಪುರುಸೊತ್ತು? ಸುಮ್ಮನೆ ಹೇಳಿದೆ.

ರಜೆ ಮುಗಿಸಿ ಹೊರಟ ಉದ್ದಣ್ಣನ ಕೈಯಲ್ಲೇ ಈ ಪತ್ರವನ್ನೂ ಕಾಲುಚೀಲವನ್ನೂ ಕಳಿಸಿದ್ದೇನೆ. ಹಾಕಿಕೋ, ಯಾರಿಗೋ ದಾನ ಮಾಡಬೇಡ.

ಅಮ್ಮ

—

ಮೇ 21

ಪ್ರೀತಿಯ ಅಮ್ಮಾ,

ಮೂವತ್ತೊಂದನೆಯ 'ಸಾವಿಲ್ಲದ ಸಿಪಾಯಿ' ಬಂದಿದೆ! ಇಡೀ ಠಾಣೆಗೆ ಒಂದೇ ಪ್ರತಿ. ನಮ್ಮಲ್ಲೊಂದು ಪದ್ಧತಿ ಇದೆ. ಪುಸ್ತಕ ಬಂದ ಕೂಡಲೇ ಬೆನ್ನಿನ ದಾರ ಕತ್ತರಿಸಿ ಕಂತೆ ಕಂತೆಯಾಗಿ ಹಂಚಿಕೊಳ್ಳುತ್ತೇವೆ. ಒಬ್ಬನೇ ಇಟ್ಟುಕೊಂಡರೆ ಉಳಿದವರು ಕಾಯಬೇಕಲ್ಲ! ಯಾರಿಗೆ ಯಾವ ಕಂತೆ ಸಿಗುತ್ತದೋ ಅಲ್ಲಿಂದ ಓದುವುದು. ನನಗೆ ಕೊನೆಯ ಕಂತೆ ಸಿಕ್ಕಿದೆ. ಸಿಪಾಯಿ ಶತ್ರು ಠಾಣೆಯಿಂದ ಹೊರಬಿದ್ದು ಓಡುತ್ತಿದ್ದಾನೆ, ಒಳಗೆ ಹೇಗೆ ಹೋದ ಅನ್ನುವುದು ಇನ್ನೂ ಗೊತ್ತಿಲ್ಲ. ನಡುವಿನ ಕಂತೆ ಕ್ಯಾಪ್ಟನ್ ಸಾಹೇಬರ ಹತ್ತಿರ ಇದೆ. ಅವರು ಓದುವುದಿಲ್ಲ ಅನ್ನುತ್ತಾರೆ, ಆದರೆ ಟೋಪಿಯ ಕೆಳಗೆ ಇಟ್ಟುಕೊಂಡು ಓದುತ್ತಾರೆ.

ಒಂದು ಮಾತು ಒಪ್ಪುತ್ತೇನೆ. ಈ ಸಲ ಮೇಜರ್ ಬಹಳ ಚೆನ್ನಾಗಿ ಬರೆದಿದ್ದಾರೆ.

ನಿನ್ನ ಮಗ

—

ಜೂನ್ 4

ಅಮ್ಮನಿಗೆ,

ಕ್ಷೇಮ. ಸದ್ಯಕ್ಕೆ ನನ್ನನ್ನು ಕಾವಲಿನಿಂದ ತೆಗೆದು ಅಡುಗೆಮನೆಗೆ ಹಾಕಿದ್ದಾರೆ. ಆಲೂಗಡ್ಡೆ ಸುಲಿಯುತ್ತೇನೆ. ಬೆಚ್ಚಗಿದೆ.

ಒಂದು ಪ್ರಶ್ನೆ. ನನ್ನ ಪತ್ರಗಳನ್ನು ಯಾರಿಗಾದರೂ ಓದಲು ಕೊಟ್ಟಿದ್ದೀಯಾ? ಉದ್ದಣ್ಣ ಕೊಟ್ಟ ಲಕೋಟೆ ಅಂಟಿಸಿದ ಹಾಗೇ ಇತ್ತೇ, ಬಿಚ್ಚಿತ್ತೇ? ಸುಮ್ಮನೆ ಕೇಳಿದೆ.

ಮಗ

—

ಜೂನ್ 12

ಚಿರಂಜೀವಿ ಮಗನಿಗೆ ಆಶೀರ್ವಾದ.

ಇದೇನು, ತಂತಿ ಕಳಿಸಿದ ಹಾಗೆ ನಾಲ್ಕು ಸಾಲು? ಕೈಗೆ ಏನಾಗಿದೆ ನಿಜ ಹೇಳು. ಚಳಿಗೆ ಬೆರಳು ಒಡೆದಿದೆಯಾ? ಬಂದೂಕು ಹಿಡಿಯಲಾಗದೆ ತಾನೇ ಅಡುಗೆಮನೆಗೆ ಹಾಕಿದ್ದು? ಎಣ್ಣೆ ಬಿಸಿ ಮಾಡಿ ಹಚ್ಚಿಕೋ. ಒಳಗೊಳಗೇ ನುಂಗಿಕೊಳ್ಳುವ ಬುದ್ಧಿ ನಿನಗೆ ಚಿಕ್ಕಂದಿನಿಂದ ಇದೆ.

ನಿನ್ನ ಪತ್ರಗಳು ಹೊಲಿಗೆ ಯಂತ್ರದ ಖಾನೆಯಲ್ಲಿವೆ. ಕೀಲಿಕೈ ನನ್ನ ಹತ್ತಿರ. ನರಪಿಳ್ಳೆಗೂ ತೋರಿಸಿಲ್ಲ. ಲಕೋಟೆಯನ್ನು ನಾನೇ ಕತ್ತರಿಯಿಂದ ಕತ್ತರಿಸಿದ್ದು. ಯಾಕೆ ಕೇಳಿದೆ? ಅಮ್ಮ ಊರೆಲ್ಲ ಡಂಗುರ ಸಾರುತ್ತಾಳೆ ಅಂತ ಯಾರಾದರೂ ಹೇಳಿದರಾ? ನಾನು ಬಾಯಿ ಬಿಟ್ಟಿಲ್ಲ. ಬಾಯಿ ಬಿಟ್ಟಿಲ್ಲ ಅಂದಮೇಲೆ ಇಲ್ಲ.

ಅಮ್ಮ

—

ಜೂನ್ 22

ಅಮ್ಮಾ,

ಕೈ ಚೆನ್ನಾಗಿದೆ. ನಿನಗೆ ಇಷ್ಟನ್ನು ಬರೆಯಲು ಸಾಹೇಬರು ಅನುಮತಿ ಕೊಟ್ಟಿದ್ದಾರೆ.

ಮೂವತ್ತೊಂದನೆಯ ಪುಸ್ತಕದ ನಡುವಿನ ಕಂತೆ ಕಡೆಗೂ ನನ್ನ ಕೈಗೆ ಬಂತು. ಓದಲು ಅಲ್ಲ, ವಿಚಾರಣೆಗೆ. ನನಗೆ ಪಟ್ಟಿ ತಂದುಕೊಟ್ಟ ಆ ಸಂಗತಿ ಅದರಲ್ಲಿ ಇದ್ದ ಹಾಗೇ ಇದೆ. ಏನು ಅಂತ ಇಲ್ಲಿ ಬರೆಯುವಂತಿಲ್ಲ, ನಿನಗೆ ಗೊತ್ತು. ಬಸ್ ನಿಲ್ದಾಣದಲ್ಲಿ ಯಾರು ಬೇಕಾದರೂ ಕೊಂಡು ಓದಬಹುದು. ಇಲ್ಲಿ ಎಲ್ಲವನ್ನೂ ಮತ್ತೆ ಹೊಸದಾಗಿ ಮಾಡಬೇಕಾಗಿದೆ. ನಾನು ಗುಟ್ಟನ್ನು ಮೇಜರ್‌ಗೆ ಮಾರಿಕೊಂಡೆ ಅಂತ ಸಾಹೇಬರ ಅನುಮಾನ. "ಆ ಮೇಜರ್ ನಿನಗೇನಾಗ್ಬೇಕು?" ಅಂತ ಕೇಳುತ್ತಾರೆ. ಏನೂ ಆಗಬೇಕಿಲ್ಲ ಅಂದೆ. ನಂಬುವುದಿಲ್ಲ.

ನನಗೆ ಗೊತ್ತು ಇದು ಯಾರ ಕೆಲಸ ಅಂತ. ಪತ್ರ ಹಿಡಿದುಕೊಂಡು ಹೋದವನು ಒಬ್ಬನೇ. ಒಂದೇ ತಟ್ಟೆಯಲ್ಲಿ ಉಂಡವನು! ಅವನ ಜೊತೆ ಮಾತು ಬಿಟ್ಟಿದ್ದೇನೆ. ಅವನು ಅತ್ತ, ಆಣೆ ಇಟ್ಟ, ನಾನು ಮುಖ ತಿರುಗಿಸಿಕೊಂಡೆ.

ನಾನು ಆಲೂಗಡ್ಡೆ ಬುಟ್ಟಿ ಹೊತ್ತು ಬಂದರೆ ಹರಟುತ್ತಿದ್ದವರು ಸುಮ್ಮನಾಗುತ್ತಾರೆ. ಸೇತುವೆ ಬಿಡದೆ ಸತ್ತ ಅಪ್ಪನ ಮಗ ನಾನು, ತಲೆ ಎತ್ತಿಕೊಂಡೇ ಇಲ್ಲಿಗೆ ಬಂದಿದ್ದೆ. ಈಗ ತಲೆ ಎಲ್ಲಿಡಲಿ ಅಂತ ತಿಳಿಯುತ್ತಿಲ್ಲ. ಮುಂದಿನ ತಿಂಗಳು ಮೇಲಿನ ಕಚೇರಿಯವರು ಬರುತ್ತಾರಂತೆ. ತಪ್ಪಿತಸ್ಥ ಅಂದರೆ ಸಮವಸ್ತ್ರ ಕಳಚಿಸಿ ಜೈಲಿಗೆ. ನೀನು ಏನೂ ಮಾಡಬೇಡ. ನಿನ್ನ ಕೈಯಲ್ಲಿ ಆಗುವಂಥದ್ದು ಇದರಲ್ಲಿ ಏನೂ ಇಲ್ಲ.

ಮಗ

—

ಜೂನ್ 29

ಈ ಪತ್ರವನ್ನು ನನ್ನ ಮಗನಿಗಿಂತ ಮೊದಲು ಓದುವ ಕ್ಯಾಪ್ಟನ್ ಸಾಹೇಬರಿಗೆ,

ನಮಸ್ಕಾರ. ಒಂಟಿಗಣ್ಣಿನ ಮೇಜರ್ ಯಾರೆಂದು ನೀವು ಹುಡುಕುತ್ತಿದ್ದೀರಂತೆ. ಹುಡುಕುವುದನ್ನು ನಿಲ್ಲಿಸಿ. ನಾನೇ. ನನಗೆ ಕಣ್ಣು ಎರಡೂ ಇವೆ, ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಕು ಅಷ್ಟೆ. ಬೆಳಿಗ್ಗೆಯೆಲ್ಲ ಅಂಗಿ ಹೊಲಿಯುತ್ತೇನೆ. ಮಧ್ಯಾಹ್ನ ಯಂತ್ರದ ಮೇಲೆ ಹಲಗೆ ಮುಚ್ಚಿ ಬರೆಯಲು ಕೂರುತ್ತೇನೆ. ಮೂವತ್ತೊಂದು ಪುಸ್ತಕಗಳನ್ನೂ ಬರೆದದ್ದು ಈ ಕೈ. ಹೆಂಗಸು, ಅದೂ ದರ್ಜಿ, ಯುದ್ಧದ ಕಥೆ ಬರೆದರೆ ಯಾರು ಮುಟ್ಟುತ್ತಾರೆ ಎಂದು ಪ್ರಕಾಶಕರು ಒಬ್ಬ ಮೇಜರನ್ನು ಹುಟ್ಟಿಸಿದರು. ಈ ಗುಟ್ಟು ಬಿಟ್ಟುಕೊಟ್ಟರೆ ನನ್ನ ಬರವಣಿಗೆ ಅಂದಿಗೆ ಮುಗಿಯಿತು ಎಂದು ಬರೆಸಿಕೊಂಡಿದ್ದಾರೆ. ಮುಗಿಯಲಿ. ಅವರಿಗೂ ಇವತ್ತೇ ಪತ್ರ ಹಾಕಿದ್ದೇನೆ. ಅಂಗಡಿಗಳಲ್ಲಿರುವ ಪ್ರತಿಗಳನ್ನು ವಾಪಸು ತರಿಸಿ ಎಂದು ಬರೆದಿದ್ದೇನೆ, ಯಾಕೆ ಎಂದೂ ಬರೆದಿದ್ದೇನೆ.

ನಂಬಿಕೆ ಬಾರದಿದ್ದರೆ ಇದರ ಜೊತೆಗಿರುವ ಹಾಳೆಗಳನ್ನು ನೋಡಿ. ಮೂವತ್ತೆರಡನೆಯ ಪುಸ್ತಕದ ಮೊದಲ ಅಧ್ಯಾಯ, ಪ್ರಕಾಶಕರೂ ಕಂಡಿಲ್ಲ. ಓದುವುದಿಲ್ಲ ಎಂದು ನನ್ನ ಹತ್ತಿರ ಹೇಳಬೇಡಿ. ಟೋಪಿಯ ವಿಷಯ ನನಗೆ ಗೊತ್ತು.

ನನ್ನ ಮಗ ಯಾರಿಗೂ ಏನೂ ಮಾರಿಲ್ಲ. ಅಮ್ಮನ ಮುಂದೆ ಜಂಬ ಕೊಚ್ಚಿಕೊಂಡ, ಅಷ್ಟೆ. ಅಮ್ಮ ಅವನಿಗಿಂತ ದೊಡ್ಡ ಜಂಬದವಳು. ಇಂಥ ಉಪಾಯ ನನ್ನ ಮಗನಿಗೆ ಹೊಳೆಯಿತಲ್ಲ, ಹೆಸರು ಹೇಳದಿದ್ದರೂ ಲೋಕ ಓದಿ ಭಲೇ ಅನ್ನಲಿ ಎಂದು ಕಥೆಯೊಳಗೆ ಹೊಲಿದುಬಿಟ್ಟೆ. ಅಚ್ಚಾದದ್ದನ್ನು ಎದುರು ಗುಡ್ಡದವರೂ ಓದಬಹುದು ಅನ್ನುವುದು ಈ ದಡ್ಡಿಯ ತಲೆಗೆ ಹೋಗಲಿಲ್ಲ. ಬಾಯಿ ಬಿಟ್ಟಿಲ್ಲ ಅಂದೆ, ನಿಜ. ಬಾಯಿ ಬಿಡದೆ ಊರಿಗೆಲ್ಲ ಹೇಳಿಬಿಟ್ಟಿದ್ದೆ. ಪತ್ರವನ್ನು ಕೈಯಲ್ಲಿ ಕಳಿಸಿದ್ದು ಅವನ ತಪ್ಪು, ಅದಕ್ಕೆ ಏನು ಶಿಕ್ಷೆಯೋ ಕೊಡಿ, ಬೇಡ ಅನ್ನುವುದಿಲ್ಲ. ಮಾರಿಕೊಂಡ ಅನ್ನುವ ಮಾತು ಮಾತ್ರ ಬೇಡ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಯಾರ ಮುಂದೆ ಬೇಕಾದರೂ ಬಂದು ನಿಂತು ಹೇಳುತ್ತೇನೆ. ತಲೆ ಬಗ್ಗಿಸಿಕೊಂಡು ಅಲ್ಲ, ಹೀಗೇ.

ಇನ್ನು ನಿನಗೆ, ಮಗನೇ.

ಮೊದಲು ಎದ್ದು ಹೋಗಿ ಉದ್ದಣ್ಣನ ಕೈ ಹಿಡಿದುಕೋ. ತಪ್ಪಾಯಿತು ಅನ್ನು. ಕಾಲಿಗೆ ಬೀಳಬೇಕಾದರೆ ಬೀಳು, ಅವನ ಕಾಲು ಉದ್ದ, ಹುಡುಕಬೇಕಾಗಿಲ್ಲ.

ಆಮೇಲೆ ಇದನ್ನು ಕೇಳು. ಅಪ್ಪ ಸೇತುವೆ ಬಿಡದೆ ಸತ್ತರು ಅಂತ ಹೇಳಿ ನಿನ್ನನ್ನು ಬೆಳೆಸಿದೆ. ಅವರ ಜೊತೆ ಇದ್ದ ಅಧಿಕಾರಿ ಏನಾದ ಅಂತ ಯಾವತ್ತೂ ಹೇಳಲಿಲ್ಲ. ಅವನು ಅವರನ್ನು ಅಲ್ಲಿ ನಿಲ್ಲಿಸಿ ಹೊರಟುಹೋದ. ಬದುಕಿ ಬಂದ ಅವರ ಗೆಳೆಯರೊಬ್ಬರು ನಮ್ಮ ಹೊಸ್ತಿಲಲ್ಲಿ ಕೂತು ನನಗೆ ಹೇಳಿದರು. ಪದಕ ಆ ಅಧಿಕಾರಿಗೆ ಸಿಕ್ಕಿತು. ನೀನು ಆಗ ತೊಟ್ಟಿಲಲ್ಲಿದ್ದೆ. ನಾನು ಯಾರ ಮೇಲೆ ಕೂಗಾಡಲಿ? ಕೂತು ಬರೆದೆ. ನನ್ನ ಗಂಡನಿಗೆ ಸಾವಿಲ್ಲದ ಹಾಗೆ ಮಾಡಿ, ಕೈಗೆ ಮುಗಿಯದ ಗುಂಡು ಕೊಟ್ಟು, ಆ ಮನುಷ್ಯನ ಬೆನ್ನು ಹತ್ತಿಸಿದೆ. ನೀನು ಬಿದ್ದು ಬಿದ್ದು ನಕ್ಕದ್ದು ಅದನ್ನೇ. ಪರವಾಗಿಲ್ಲ, ನಿಮ್ಮಪ್ಪನೂ ನಗುತ್ತಿದ್ದರು.

ಅಮ್ಮ

—

ಆಗಸ್ಟ್ 1

ಚಿರಂಜೀವಿ ಮಗನಿಗೆ,

ನಿನ್ನಿಂದ ಉತ್ತರವಿಲ್ಲ. ಸಿಟ್ಟು ಬಂದಿರಬೇಕು. ಬರಲಿ, ನಿನಗಲ್ಲದೆ ಇನ್ಯಾರಿಗೆ ಬರಬೇಕು? ಸಿಟ್ಟು ಮಾಡಿಕೊಂಡೇ ಊಟ ಮಾಡು.

ಪ್ರಕಾಶಕರು ಮನೆಗೇ ಬಂದಿದ್ದರು. ಪುಸ್ತಕಗಳನ್ನು ವಾಪಸು ತರಿಸಿದ್ದಾರೆ, ಪುಣ್ಯ. ಕೈ ಕೈ ಹಿಸುಕಿಕೊಂಡರು, "ಅಮ್ಮಾ, ಕೂತ ಕೊಂಬೆ ಕಡ್ಕೊಂಡ್ರಲ್ಲ!" ಅಂದರು. ಸಿಪಾಯಿಯೂ ಮೇಜರ್ ಹೆಸರೂ ಅವರ ಸ್ವತ್ತಂತೆ. ಮೂವತ್ತೆರಡನೆಯ, ಕೊನೆಯ ಪುಸ್ತಕವನ್ನು ಬೇರೆ ಯಾರಿಂದಲೋ ಬರೆಸುತ್ತಾರಂತೆ. "ಬರೆಸಿ ಸ್ವಾಮಿ. ಅವನು ಯಾರನ್ನ ಹುಡುಕ್ತಿದಾನೆ ಅಂತ ನಿಮ್ಮ ಹೊಸ ಮೇಜರ್‌ಗೆ ಗೊತ್ತಿದ್ರೆ ಸರಿ" ಅಂದೆ. ಅವರು ಹೋದಮೇಲೆ ಸ್ವಲ್ಪ ಅತ್ತೆ. ಆಮೇಲೆ ಯಂತ್ರಕ್ಕೆ ಹಲಗೆ ಮುಚ್ಚಿ ಕೂತು ಕೊನೆಯ ಅಧ್ಯಾಯ ಬರೆದುಬಿಟ್ಟೆ. ಅಚ್ಚು ಹಾಕುವವರು ಯಾರೂ ಇಲ್ಲ. ನಿಮ್ಮ ಠಾಣೆಯವರಿಗೆ ಮಾತ್ರ ಕಳಿಸುತ್ತಿದ್ದೇನೆ. ಸಾಹೇಬರು ಕೊಟ್ಟರೆ ಓದಿಕೊಳ್ಳಿ, ಕೊಡದಿದ್ದರೆ ಒಲೆಗೆ ಹಾಕಿ ಕೈ ಕಾಯಿಸಿಕೊಳ್ಳಿ.

ಸಿಪಾಯಿಗೆ ಬಿಳಿ ಕೈಗವಸಿನ ಕ್ಯಾಪ್ಟನ್ ಸಿಗುತ್ತಾನೆ. ಮುದುಕನಾಗಿದ್ದಾನೆ. ಇಷ್ಟು ಪುಸ್ತಕಗಳಲ್ಲಿ ಅವನನ್ನು ಹೇಗೆಲ್ಲ ಕೊಲ್ಲಿಸಬೇಕು ಅಂತ ಯೋಚಿಸಿದ್ದೆ, ಕೇಳಿದರೆ ನಿನ್ನ ಕೂದಲು ನೆಟ್ಟಗಾಗುತ್ತದೆ. ಸಿಪಾಯಿ ಗುಂಡು ಹಾರಿಸುವುದಿಲ್ಲ. ಮುದುಕನನ್ನು ಅದೇ ಸೇತುವೆಗೆ ಕರೆದುಕೊಂಡು ಹೋಗುತ್ತಾನೆ. ಬಂದೂಕನ್ನು ಅವನ ಕೈಗೆ ಕೊಟ್ಟು ಹೇಳುತ್ತಾನೆ, "ನಾನು ಬರೋವರೆಗೂ ಇಲ್ಲೇ ನಿಂತಿರು." ನಿಮ್ಮಪ್ಪನಿಗೆ ಆ ಅಧಿಕಾರಿ ಹೇಳಿ ಹೋದ ಮಾತು ಅದೇ. ಹೇಳಿ ಸಿಪಾಯಿ ಹೊರಟುಹೋಗುತ್ತಾನೆ. ಅವನಿಗೆ ಸಾವಿಲ್ಲ, ಅವಸರವೂ ಇಲ್ಲ. ಯಾವಾಗ ವಾಪಸು ಬರುತ್ತಾನೆ ಅಂತ ಹೇಳಿಲ್ಲ.

ನೆಟ್ಟಗೆ ಮನೆಗೆ ಬಂದು ಬಾಗಿಲು ಬಡಿಯುತ್ತಾನೆ. ಅಲ್ಲಿಗೆ ನಿಲ್ಲಿಸಿದ್ದೇನೆ ಮಗಾ. ಇಷ್ಟು ವರ್ಷ ಅವನನ್ನು ಮನೆಗೆ ಕಳಿಸಲು ನನಗೆ ಧೈರ್ಯ ಬಂದಿರಲಿಲ್ಲ. ಕಳಿಸಿದೆ. ಆದರೆ ಬಾಗಿಲು ತೆಗೆದವಳು ಏನು ಅನ್ನುತ್ತಾಳೆ ಅಂತ ಬರೆಯಲು ಕೈ ಏಳಲಿಲ್ಲ. ಬರೆದವರ ಹೆಸರೂ ಹಾಕಿಲ್ಲ. ಮೇಜರ್ ಅಂತ ಹಾಕುವಂತಿಲ್ಲ, ನನ್ನದು ಹಾಕಿ ಅಭ್ಯಾಸವಿಲ್ಲ.

ಅಮ್ಮ

—

ಆಗಸ್ಟ್ 20

ಪ್ರೀತಿಯ ಅಮ್ಮಾ,

ವಿಚಾರಣೆ ಮುಗಿಯುವವರೆಗೆ ನಿನ್ನ ಎರಡೂ ಪತ್ರಗಳನ್ನು ನನಗೆ ಕೊಟ್ಟಿರಲಿಲ್ಲ. ಅದಕ್ಕೇ ಉತ್ತರ ಬರೆಯಲಾಗಲಿಲ್ಲ. ಮೊನ್ನೆ ಒಟ್ಟಿಗೆ ಕೈಗೆ ಬಂದವು. ಸುಳ್ಳು ಹೇಳುವುದಿಲ್ಲ, ಮೊದಲನೆಯದನ್ನು ಓದಿ ಸಿಟ್ಟು ಬಂತು. ನನ್ನ ಗುಟ್ಟನ್ನು ಬಸ್ ನಿಲ್ದಾಣದಲ್ಲಿ ಮಾರಿದೆಯಲ್ಲ ಅಂತ. ತೊಟ್ಟಿಲಿನ ಸಾಲಿಗೆ ಬಂದಾಗ ಸಿಟ್ಟು ಇಳಿಯಿತು. ಕಾಜದ ಹೊಲಿಗೆ ನೋಡಿ ನಗಬಾರದಿತ್ತು ಅನ್ನಿಸಿತು. ಆಮೇಲೆ ಮತ್ತೆ ನಗು ಬಂತು.

ಮೇಲಿನ ಕಚೇರಿಯವರು ನಿನ್ನ ಹಾಳೆಗಳನ್ನೂ ಅಚ್ಚಾದ ಪುಸ್ತಕಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು, ಪ್ರಕಾಶಕರನ್ನೂ ಕರೆಸಿ ಕೇಳಿದರು. ಮಾರಿಕೊಂಡ ಅನ್ನುವ ಆರೋಪ ಬಿದ್ದುಹೋಯಿತು, ಬರಹದಲ್ಲಿ ಕೊಟ್ಟಿದ್ದಾರೆ. ಕೈಯಲ್ಲಿ ಪತ್ರ ಕಳಿಸಿದ್ದಕ್ಕೆ ಪಟ್ಟಿ ಹೋಯಿತು. ಅದನ್ನು ನಾನೇ ಬಿಚ್ಚಿದೆ, ಬಟ್ಟೆಗೆ ಒಂದು ತೂತೂ ಬೀಳದ ಹಾಗೆ. ಮತ್ತೆ ಕಾವಲಿಗೆ ಹಾಕಿದ್ದಾರೆ. ಈಗ ಇಲ್ಲಿ ಬೇರೆ ಏರ್ಪಾಡು. ಏನು ಅಂತ ಹೇಳುವುದಿಲ್ಲ, ನೀನು ಕೇಳಲೂ ಬೇಡ!

ಉದ್ದಣ್ಣನ ಮುಂದೆ ಹೋಗಿ ನಿಂತೆ. ಕೈ ಹಿಡಿಯುವಷ್ಟರಲ್ಲಿ ಅವನೇ ನನ್ನನ್ನು ಎಳೆದು ಅಪ್ಪಿಕೊಂಡ, ನನ್ನ ಮೂಗು ಅವನ ಎದೆಗುಂಡಿಗೆ ಒತ್ತಿ ಇನ್ನೂ ನೋಯುತ್ತಿದೆ. "ಅಮ್ಮನ ಕೈ ಊಟ ಉಂಡಿದೀನಿ, ನಿನ್ನ ಮೇಲೆ ಎಷ್ಟು ದಿನ ಅಂತ ಮುನಿಸ್ಕೊಳ್ಳಲಿ" ಅಂದ.

ನಿನ್ನೆ ಸಾಹೇಬರು ಎಲ್ಲರನ್ನೂ ಕೂಡಿಸಿ ಕೊನೆಯ ಅಧ್ಯಾಯವನ್ನು ತಾವೇ ಗಟ್ಟಿಯಾಗಿ ಓದಿದರು. ಸೇತುವೆಯ ಹತ್ತಿರ ಬಂದಾಗ ಓದು ನಿಲ್ಲಿಸಿ, ಕೆಮ್ಮಿದ ಹಾಗೆ ಮಾಡಿ ಮುಂದುವರಿಸಿದರು. "ನಾನು ಬರೋವರೆಗೂ ಇಲ್ಲೇ ನಿಂತಿರು" ಅಂದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಇಲ್ಲಿ ಕೂತವರಿಗೆ ಆ ಮಾತು ಹೇಗೆ ತಾಗುತ್ತದೆ ಅಂತ ನಿನಗೆ ಹೇಳಬೇಕಾಗಿಲ್ಲ. ಸಿಪಾಯಿ ಬಾಗಿಲು ಬಡಿದ. ಹಾಳೆ ಮುಗಿಯಿತು.

"ಆಮೇಲೆ?" ಅಂತ ಉದ್ದಣ್ಣ ಎದ್ದೇಬಿಟ್ಟ. "ಬಾಗಿಲು ತೆಗೆದ್ಲೋ ಇಲ್ವೋ?" ಒಬ್ಬ ಅವಳು ಮೂರ್ಛೆ ಹೋಗುತ್ತಾಳೆ ಅಂದ, ಇನ್ನೊಬ್ಬ ಅತ್ತು ಕಾಲು ಹಿಡಿಯುತ್ತಾಳೆ ಅಂದ. ಜಗಳವೇ ಶುರುವಾಯಿತು. ಸಾಹೇಬರು ನನ್ನ ಕಡೆ ನೋಡಿ, "ನಿನಗೆ ಗೊತ್ತಿರ್ಬೇಕಲ್ಲೋ, ಹೇಳು" ಅಂದರು.

ನನಗೆ ಯೋಚಿಸಬೇಕಾಗಿಯೇ ಬರಲಿಲ್ಲ. "'ಇಷ್ಟು ಹೊತ್ತೇನ್ರೀ? ಕೈ ತೊಳ್ಕೊಂಡು ಬನ್ನಿ, ಊಟ ಆರ್ತಿದೆ' ಅಂತಾಳೆ ಸಾರ್" ಅಂದೆ.

ಮೊದಲು ಎಲ್ಲರೂ ನಕ್ಕರು. ಆಮೇಲೆ ಉದ್ದಣ್ಣ ಬೂಟಿನ ದಾರ ಕಟ್ಟಿಕೊಳ್ಳುವವನ ಹಾಗೆ ಬಗ್ಗಿದವನು ಬಹಳ ಹೊತ್ತು ತಲೆ ಎತ್ತಲಿಲ್ಲ. ಸಾಹೇಬರು ಪೆನ್ನು ತೆಗೆದು ಆ ಮಾತನ್ನು ಹಾಳೆಯ ಕೊನೆಗೆ ಬರೆದರು. ನಿನ್ನ ಅಕ್ಷರದ ಕೆಳಗೆ ಅವರ ಅಕ್ಷರ ಕಾಗೆ ಕಾಲಿನ ಹಾಗಿದೆ.

ಬರೆದು, ಹಾಳೆ ತಿರುಗಿಸಿ ನೋಡಿ, "ಬರೆದವರ ಹೆಸರೇ ಇಲ್ವಲ್ಲಯ್ಯ. ಒಂಟಿಗಣ್ಣಿನ ಮೇಜರ್ ಅಂತ ಹಾಕ್ಲಾ?" ಅಂದರು.

"ಬೇಡ ಸಾರ್" ಅಂದೆ. ಹಾಜರಿ ಕೂಗುವಾಗ ನಿಲ್ಲುವ ಹಾಗೆ ನೆಟ್ಟಗೆ ನಿಂತು ನಿನ್ನ ಹೆಸರು ಹೇಳಿದೆ, ಇನಿಷಿಯಲ್ ಸಮೇತ. ಹಿಂದಿನ ಸಾಲಿನವರು ಕೇಳಿಸಲಿಲ್ಲ ಅಂತ ಕೂಗಿದರು. ಇನ್ನೂ ಗಟ್ಟಿಯಾಗಿ ಹೇಳಿದೆ.

ನಿನ್ನ ಮಗ